ಸರದಿ ಮೇವಿನಲ್ಲಿ ಹುಲ್ಲು ಮರಳಿ ಬಾರದಿದ್ದಾಗ: ದೋಷ ಹುಡುಕುವ ಕ್ರಮ

ಹೊಲವನ್ನು ತಾಕುಗಳಾಗಿ ಹಂಚಿ, ಬೇಲಿ ಎಳೆದು, ದನಗಳನ್ನು ಸರದಿಯ ಪ್ರಕಾರ ಒಂದರಿಂದ ಇನ್ನೊಂದಕ್ಕೆ ಹೊಡೆಯುತ್ತಿದ್ದರೂ ಹುಲ್ಲು ಸುತ್ತಿನಿಂದ ಸುತ್ತಿಗೆ ತೆಳುವಾಗುತ್ತದೆ, ಹಾಲು ಏರಿಳಿಯುತ್ತದೆ, ಗರಿಕೆ ಇದ್ದಲ್ಲಿ ಜೇಕು ಮತ್ತು ಕಾಂಗ್ರೆಸ್ ಗಿಡ ತಲೆ ಎತ್ತುತ್ತವೆ. ಸರದಿ ಮೇವನ್ನು ಕಲಿಯುವವರಲ್ಲಿ ಹಲವರು ಈ ಹಂತಕ್ಕೆ ಬಂದು, ಇದು ನಮ್ಮ ನೆಲಕ್ಕೆ ಒಗ್ಗದು ಎಂದು ಬೇಲಿ ಸುತ್ತಿಡುತ್ತಾರೆ. ನಾನೂ ಆ ಹಂತದವರೆಗೆ ಹೋಗಿ ಹಿಂದಿರುಗಿದ್ದೇನೆ. ಅರಸೀಕೆರೆ ತಾಲ್ಲೂಕಿನ ಜಾವಗಲ್ ಸೀಮೆಯಲ್ಲಿ ನಾಲ್ಕೂವರೆ ಎಕರೆ ಕೆಂಪು ಮಣ್ಣಿನ ಹುಲ್ಲುಗಾವಲು ಮತ್ತು ಆರು ಹಸುಗಳನ್ನು ಇಟ್ಟುಕೊಂಡು ಮಾಡಿದ ಕೆಲಸದಲ್ಲಿ ಎಲ್ಲಿ ಎಡವಿದೆ, ಎಡವಿದ್ದನ್ನು ಹೇಗೆ ಪತ್ತೆ ಹಚ್ಚಿದೆ ಎಂಬುದನ್ನು, ಬೇರೆಯವರು ತಮ್ಮ ಹೊಲದಲ್ಲಿ ಪರೀಕ್ಷಿಸಿ ನೋಡಲು ಸಾಧ್ಯವಾಗುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ಮಾತು ಗಮನದಲ್ಲಿರಲಿ. ಮೋಟಾರು ಸುಟ್ಟರೆ ವಾಸನೆ ಆಗಲೇ ಬರುತ್ತದೆ. ಹುಲ್ಲುಗಾವಲು ಹಾಗಲ್ಲ, ಅದರಲ್ಲಿ ಇಂದು ಕಾಣುವ ದೋಷಕ್ಕೆ ಕಾರಣ ಹಿಂದಿನ ಸುತ್ತಿನಲ್ಲಿರುತ್ತದೆ. ಜುಲೈ ಮೊದಲ ಭಾಗದ ಪುನರ್ವಸು ಮಳೆಯಲ್ಲಿ ಬುಡದವರೆಗೆ ಮೇಯಿಸಿದ ತಪ್ಪು ಆಗಸ್ಟಿನ ಆಶ್ಲೇಷದಲ್ಲಿ ಬೋಳಾಗಿ ಕಾಣುತ್ತದೆ, ಆ ಹೊತ್ತಿಗೆ ನಾವು ಆಶ್ಲೇಷದ ಮಳೆಯನ್ನು ದೂರುತ್ತಿರುತ್ತೇವೆ. ಆದ್ದರಿಂದ ಪುಸ್ತಕವಿಲ್ಲದೆ ದೋಷ ಹುಡುಕುವುದು ಕತ್ತಲೆಯಲ್ಲಿ ಸೂಜಿ ಹುಡುಕಿದಂತೆ. ಪ್ರತಿ ತಾಕಿಗೆ ಒಂದು ಹಾಳೆ, ಅದರಲ್ಲಿ ದನ ಬಿಟ್ಟ ದಿನ, ಹೊರಗೆ ತೆಗೆದ ದಿನ, ಬಿಡುವಾಗ ಹುಲ್ಲಿನ ಎತ್ತರ, ತೆಗೆಯುವಾಗ ಉಳಿದ ಎತ್ತರ, ಅಂದಿನ ಹಾಲು, ಬಿದ್ದ ಮಳೆ. ಇಷ್ಟು ಬರೆದರೆ ಸಾಕು, ದಿನಕ್ಕೆ ಎರಡು ನಿಮಿಷದ ಕೆಲಸ. ಅಳತೆಗೆ ಗೇಣು ಮತ್ತು ಬೆರಳು ಧಾರಾಳವಾಗಿ ಸಾಕು, ಆದರೆ ಪ್ರತಿ ಸಲವೂ ಒಬ್ಬರದೇ ಕೈ ಇರಬೇಕು.

ಮೊದಲ ಪರೀಕ್ಷೆ: ಮುಳ್ಳಿನ ಚೌಕ

ಹುಲ್ಲು ಚಿಗುರದಿದ್ದಾಗ ಕಾರಣಗಳು ಎರಡೇ ಗುಂಪಿನವು: ನೆಲ, ನೀರು, ಬೀಜಕ್ಕೆ ಸಂಬಂಧಿಸಿದವು ಒಂದು, ದನದ ಬಾಯಿಗೆ ಸಂಬಂಧಿಸಿದವು ಇನ್ನೊಂದು. ಈ ಎರಡನ್ನು ಬೇರ್ಪಡಿಸದೆ ಖರ್ಚಿಗೆ ಕೈ ಹಾಕಬಾರದು. ಬೇರ್ಪಡಿಸುವ ಉಪಾಯ ಬಹಳ ಸುಲಭ. ತಾಕಿನ ಮಧ್ಯದಲ್ಲಿ, ಗೇಟು ಮತ್ತು ನೀರಿನ ತೊಟ್ಟಿಯಿಂದ ದೂರದಲ್ಲಿ, ಹುಲ್ಲು ಸಾಧಾರಣವಾಗಿರುವ ಜಾಗವೊಂದನ್ನು ಆರಿಸಿ, ಮೂರಡಿ ಚೌಕದ ಸುತ್ತ ಜಾಲಿ ಮುಳ್ಳಿನ ಕೊಂಬೆಗಳನ್ನು ಒತ್ತಾಗಿ ನೆಟ್ಟು, ದನದ ಮೂತಿ ಒಳಗೆ ಹೋಗದಂತೆ ಮಾಡಿ. ಒಳಗಿನ ಹುಲ್ಲನ್ನು ಕುಡುಗೋಲಿನಿಂದ ನಾಲ್ಕು ಬೆರಳು ಎತ್ತರಕ್ಕೆ ಸಮನಾಗಿ ಕೊಯ್ಯಿರಿ. ಮೇಲೆ ಏನನ್ನೂ ಮುಚ್ಚಬೇಡಿ, ಬಿಸಿಲು ಮಳೆ ಹೊರಗಿನಷ್ಟೇ ಬೀಳಬೇಕು. ಆ ತಾಕಿನಲ್ಲಿ ಎಂದಿನಂತೆ ದನ ಮೇಯಲಿ, ಎಂದಿನಂತೆ ಮುಂದಕ್ಕೆ ಹೋಗಲಿ.

ಮೂರು ವಾರದ ನಂತರ ಒಳಗೂ ಹೊರಗೂ ಗೇಣಿಟ್ಟು ನೋಡಿ. ಒಳಗೆ ಗೇಣುದ್ದ ಬೆಳೆದು ಹೊರಗೆ ನಾಲ್ಕು ಬೆರಳಿನಲ್ಲೇ ನಿಂತಿದ್ದರೆ ನಿಮ್ಮ ಮಣ್ಣಿಗೆ, ಮಳೆಗೆ, ಬೀಜಕ್ಕೆ ಏನೂ ಆಗಿಲ್ಲ, ದೋಷ ಮೇಯಿಸುವ ರೀತಿಯಲ್ಲಿದೆ. ಒಳಗೂ ಹೊರಗೂ ಒಂದೇ ಸಮನೆ ಕುಂಟುತ್ತಿದ್ದರೆ ಮೇಯಿಸುವುದನ್ನು ಬದಲಿಸಿ ಪ್ರಯೋಜನವಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ತೇವ ಎಷ್ಟು ಆಳಕ್ಕೆ ಇಳಿದಿದೆ ಎಂದು ಗುದ್ದಲಿಯಿಂದ ಅಗೆದು ನೋಡಿ.

ನಾನು ಈ ಚೌಕವನ್ನು ನೆಡುವ ಮೊದಲೇ ಒಂದು ಇಡೀ ಮಳೆಗಾಲ ಕಳೆದುಕೊಂಡಿದ್ದೆ. ಹುಲ್ಲು ತೆಳುವಾದಾಗ ಮೊದಲು ಬೀಜ ಹಳೆಯದಿರಬೇಕೆಂದು ಮತ್ತೆ ರೋಡ್ಸ್ ಹುಲ್ಲಿನ ಮತ್ತು ಸ್ಟೈಲೋ ಎಂಬ ದ್ವಿದಳ ಮೇವಿನ ಬೀಜ ಎರಚಿದೆ. ಬಳಿಕ ಸಾರಜನಕ ಸಾಲದೆಂದು ಎರಡು ತಾಕಿಗೆ ಯೂರಿಯಾ ಹಾಕಿದೆ. ಹದಿನೈದು ದಿನ ಕಡುಹಸಿರಾಗಿ, ಮುಂದಿನ ಮೇವಿಗೆ ಅದೂ ಮಲಗಿತು. ಮುಳ್ಳಿನ ಚೌಕ ನೆಟ್ಟ ಇಪ್ಪತ್ತೊಂದನೆಯ ದಿನ ಅದರ ಮುಂದೆ ನಿಂತದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಗೊಬ್ಬರ ಹಾಕದ ತಾಕು ಅದು. ಮುಳ್ಳಿನೊಳಗೆ ರೋಡ್ಸ್ ಹುಲ್ಲು ಮುಂಗೈಯುದ್ದ ನಿಂತು ಗಾಳಿಗೆ ತೊನೆಯುತ್ತಿತ್ತು, ಮುಳ್ಳಿನಿಂದ ಒಂದಡಿ ಈಚೆಗೆ ಅದೇ ಹುಲ್ಲಿನ ಬುಡಗಳು ಕತ್ತರಿಸಿದ ಹಲ್ಲುಜ್ಜುವ ಬ್ರಷ್ಷಿನಂತೆ ಕಂದಾಗಿದ್ದವು.

ಎರಡನೆಯ ಕಚ್ಚು

ದೋಷ ಮೇಯಿಸುವ ರೀತಿಯಲ್ಲಿದೆ ಎಂದು ಖಚಿತವಾದ ಮೇಲೆ ಮುಂದಿನ ಪ್ರಶ್ನೆ, ಯಾವ ರೀತಿಯ ದೋಷ ಎಂಬುದು. ಹುಲ್ಲಿನ ಎಲೆಯೇ ಅದರ ಅಡುಗೆಮನೆ. ದನ ಮೊದಲ ಸಲ ಕಚ್ಚಿದಾಗ ಹುಲ್ಲು ತನ್ನ ಬುಡದಲ್ಲಿ ಮತ್ತು ಬೇರಿನಲ್ಲಿ ಕೂಡಿಟ್ಟ ಸತ್ವವನ್ನು ಖರ್ಚು ಮಾಡಿ ಹೊಸ ಎಲೆಯನ್ನು ಹೊರಡಿಸುತ್ತದೆ. ಎಲೆಯ ಅರ್ಧದಷ್ಟನ್ನು ಮಾತ್ರ ಕಳೆದುಕೊಂಡ ಹುಲ್ಲಿನ ಬೇರು ಹೆಚ್ಚೇನೂ ಬಾಧೆಯಿಲ್ಲದೆ ಬೆಳೆಯುತ್ತದೆ. ಬುಡದವರೆಗೆ ಕಳೆದುಕೊಂಡರೆ ಬೇರಿನ ಬೆಳವಣಿಗೆ ಹಲವು ದಿನ ನಿಂತೇಹೋಗುತ್ತದೆ. ಮಳೆ ಚೆನ್ನಾಗಿರುವ ದಿನಗಳಲ್ಲಿ ಹೊಸ ಎಲೆ ಮೂರರಿಂದ ಐದು ದಿನಗಳಲ್ಲಿ ದನದ ನಾಲಿಗೆಗೆ ಸಿಕ್ಕುವಷ್ಟು ಬಂದಿರುತ್ತದೆ. ದನಕ್ಕೆ ಎಳೆಯದೇ ಬೇಕು. ಪಕ್ಕದಲ್ಲಿ ಬಲಿತ ಹುಲ್ಲು ಎಷ್ಟೇ ಇದ್ದರೂ ಅದು ಮೊನ್ನೆ ಕಚ್ಚಿದ ಜಾಗಕ್ಕೇ ಹಿಂದಿರುಗಿ ಆ ಎಳೆಯ ಎಲೆಯನ್ನು ಕೀಳುತ್ತದೆ. ಸಾಲ ತಂದು ಬಿತ್ತಿದ ಬೀಜ ಮೊಳಕೆಯಲ್ಲೇ ಹೋದಂತೆ ಆಗುತ್ತದೆ ಆ ಬುಡದ ಪಾಡು. ಹುಲ್ಲನ್ನು ಕೊಲ್ಲುವುದು ಈ ಎರಡನೆಯ ಕಚ್ಚು, ಮೊದಲನೆಯದಲ್ಲ.

ಇದನ್ನು ಕಣ್ಣಿನಿಂದಲೇ ನೋಡಬಹುದು. ಹೊಸ ತಾಕಿಗೆ ದನ ಬಿಡುವ ಬೆಳಿಗ್ಗೆ, ಹತ್ತು ಬುಡಗಳಿಗೆ ಕೆಂಪು ನೂಲು ಕಟ್ಟಿ, ನೂಲು ನೆಲಕ್ಕೆ ತಾಗಿದಂತೆ ಇರಲಿ. ಪ್ರತಿದಿನ ಸಂಜೆ ದನ ಹೊರಟ ಮೇಲೆ ಹತ್ತನ್ನೂ ನೋಡಿ ಬರೆಯಿರಿ. ಮೊದಲ ದಿನ ನಾಲ್ಕೈದು ಬುಡ ಮೇಯ್ದಿರುತ್ತದೆ, ಎರಡನೆಯ ದಿನ ಏಳೆಂಟು. ಮೇಯ್ದ ಬುಡದ ನಡುವಿನಿಂದ ತಿಳಿಹಸಿರಿನ ಕಡ್ಡಿಯಂತಹ ಹೊಸ ಎಲೆ ಏಳುವುದನ್ನೂ ಕಾಣುತ್ತೀರಿ. ಆ ಎಲೆಯ ತುದಿ ಚಪ್ಪಟೆಯಾಗಿ ತುಂಡಾಗಿರುವುದು ಯಾವ ದಿನ ಮೊದಲು ಕಂಡಿತೋ, ಅದಕ್ಕೆ ಒಂದು ದಿನ ಮೊದಲೇ ದನ ಆ ತಾಕು ಬಿಟ್ಟಿರಬೇಕಿತ್ತು. ನನ್ನ ಹೊಲದಲ್ಲಿ ಅದು ನಾಲ್ಕನೆಯ ಸಂಜೆ ಕಂಡಿತು. ನಾನು ದನಗಳನ್ನು ಐದು ದಿನ ಬಿಡುತ್ತಿದ್ದೆ. ಅಂದರೆ ಪ್ರತಿ ಸುತ್ತಿನಲ್ಲೂ ನಾಲ್ಕನೆಯ ಮತ್ತು ಐದನೆಯ ದಿನ, ನನ್ನ ಕೈಯಾರೆ, ಹುಲ್ಲಿನ ಬೇರನ್ನು ಖಾಲಿ ಮಾಡಿಸುತ್ತಿದ್ದೆ.

ಇದಕ್ಕೆ ಪರಿಹಾರ, ಮಳೆಗಾಲದಲ್ಲಿ ಒಂದು ತಾಕಿನಲ್ಲಿ ಮೂರು ದಿನಕ್ಕಿಂತ ಹೆಚ್ಚು ದನ ಇರದಂತೆ ತಾಕುಗಳನ್ನು ಚಿಕ್ಕದು ಮಾಡುವುದು. ದನ ಮುಂದಿನ ಪಟ್ಟಿಗೆ ಹೋದಾಗ ಅದರ ಹಿಂದೆಯೂ ಒಂದು ಎಳೆ ತಂತಿ ಬರಬೇಕು. ಮುಂದೆ ಮಾತ್ರ ತಂತಿ ಸರಿಸಿ ಹಿಂದೆ ತೆರೆದಿಟ್ಟರೆ ದನ ಹಿಂದಕ್ಕೆ ಬಂದು ಚಿಗುರು ತಿನ್ನುತ್ತದೆ. ಹಿಂಬೇಲಿ ಇಲ್ಲದ ಸರದಿ ಮೇವು ಹೆಸರಿಗೆ ಮಾತ್ರ ಸರದಿ. ಬೇಲಿಯೇ ಇಲ್ಲದೆ ಗೂಟ ಕಟ್ಟಿ ಮೇಯಿಸುವವರಿಗೂ ಇದೇ ನಿಯಮ. ಹದಿನೈದು ಅಡಿ ಹಗ್ಗದಲ್ಲಿ ಹಸು ಸುಮಾರು 700 ಚದರ ಅಡಿಯ ವೃತ್ತವನ್ನು ಮೇಯುತ್ತದೆ, ಗೂಟವನ್ನು ದಿನಾ ಕಿತ್ತು ನೆಟ್ಟರೂ ವೃತ್ತಗಳು ಒಂದರ ಮೇಲೊಂದು ಬೀಳುತ್ತಿದ್ದರೆ ಎರಡನೆಯ ಕಚ್ಚು ತಪ್ಪುವುದಿಲ್ಲ. ಗೂಟದಿಂದ ಗೂಟಕ್ಕೆ ಮೂವತ್ತು ಅಡಿ ಅಂತರ ಇರಲಿ.

ಲೆಕ್ಕ ಎಲ್ಲಿ ತಪ್ಪುತ್ತದೆ

ಮೇವಿನ ದಿನ ಸರಿಯಾಗಿದ್ದೂ ಹುಲ್ಲು ಸೋಲುತ್ತಿದ್ದರೆ ವಿಶ್ರಾಂತಿಯ ದಿನ ಸಾಲುತ್ತಿಲ್ಲ ಎಂದರ್ಥ. ಬಯಲುಸೀಮೆಯ ನಮ್ಮ ಹುಲ್ಲುಗಳಿಗೆ ಒಳ್ಳೆಯ ಮಳೆಯಲ್ಲಿ ಸುಮಾರು 30 ದಿನ, ಮಳೆ ಕೈಕೊಟ್ಟಾಗ 60 ದಿನ ಅಥವಾ ಇನ್ನೂ ಹೆಚ್ಚು ವಿಶ್ರಾಂತಿ ಬೇಕಾಗುತ್ತದೆ. ತಾಕುಗಳ ಸಂಖ್ಯೆಯನ್ನು ಕಂಡುಹಿಡಿಯುವ ಸೂತ್ರ ಒಂದೇ: ವಿಶ್ರಾಂತಿಯ ದಿನಗಳನ್ನು ಮೇಯುವ ದಿನಗಳಿಂದ ಭಾಗಿಸಿ ಒಂದನ್ನು ಕೂಡಿಸಬೇಕು. 30 ದಿನ ವಿಶ್ರಾಂತಿ, ಮೂರು ದಿನ ಮೇವು ಎಂದರೆ 11 ತಾಕು. 60 ದಿನ ವಿಶ್ರಾಂತಿ ಬೇಕೆಂದರೆ ಅದೇ ಲೆಕ್ಕ 21 ತಾಕಿಗೆ ಹೋಗುತ್ತದೆ. ಆರು ತಾಕು ಮಾಡಿಕೊಂಡು ಐದೈದು ದಿನ ಮೇಯಿಸಿದ ನನಗೆ ಸಿಗುತ್ತಿದ್ದ ವಿಶ್ರಾಂತಿ 25 ದಿನ ಮಾತ್ರ. ಎರಡೂ ಕಡೆ ತಪ್ಪಿತ್ತು.

ತಾಕು ಎಷ್ಟು ದೊಡ್ಡದಿರಬೇಕು ಎಂಬುದನ್ನು ಊಹಿಸಬಾರದು, ತೂಗಬೇಕು. ಕಬ್ಬಿಣದ ಸರಳಿನಿಂದ ಒಂದು ಮೀಟರ್ ಚೌಕದ ಚೌಕಟ್ಟು ಮಾಡಿಸಿ, ದನ ಬಿಡುವ ಹಿಂದಿನ ದಿನ ತಾಕಿನ ಐದಾರು ಕಡೆ ಕಣ್ಣು ಮುಚ್ಚಿ ಎಸೆದು, ಅದರೊಳಗಿನ ಹುಲ್ಲನ್ನು ನಾಲ್ಕು ಬೆರಳು ಬಿಟ್ಟು ಕೊಯ್ದು ತೂಗಿ ಸರಾಸರಿ ತೆಗೆಯಿರಿ. ನನ್ನ ಹೊಲದಲ್ಲಿ ಮಘೆ ಮಳೆಯ ಹೊತ್ತಿಗೆ ಚದರ ಮೀಟರಿಗೆ 350 ಗ್ರಾಂ ಹಸಿ ಹುಲ್ಲು ಬಂತು. ಒಂದು ಹಿಡಿಯನ್ನು ನೆರಳಿನಲ್ಲೂ ಆಮೇಲೆ ಬಿಸಿಲಿನಲ್ಲೂ ಗರಿಗರಿಯಾಗುವಂತೆ ಒಣಗಿಸಿ ತೂಗಿದಾಗ ಒಣ ಅಂಶ ಕಾಲು ಭಾಗವಿತ್ತು, ಅಂದರೆ ಚದರ ಮೀಟರಿಗೆ 88 ಗ್ರಾಂ. ಗುಂಟೆಗೆ 101 ಚದರ ಮೀಟರ್, ಹಾಗಾಗಿ ಗುಂಟೆಗೆ ಒಂಬತ್ತು ಕಿಲೋಗೆ ಸ್ವಲ್ಪ ಕಡಿಮೆ. ಅದರಲ್ಲಿ ತುಳಿದು, ಸಗಣಿ ಬಿದ್ದು ಹಾಳಾಗುವುದನ್ನು ಕಳೆದರೆ ದನದ ಹೊಟ್ಟೆಗೆ ಸೇರುವುದು ಸುಮಾರು ಆರು ಕಿಲೋ.

ಹಸುವಿಗೆ ದಿನಕ್ಕೆ ಅದರ ತೂಕದ ಶೇ. 3ರಷ್ಟು ಒಣ ಮೇವು ಬೇಕೆಂದು ಹಿಡಿದರೆ, ಸರಾಸರಿ 350 ಕಿಲೋ ತೂಕದ ನನ್ನ ಆರು ಹಸುಗಳಿಗೆ 63 ಕಿಲೋ. ಅರ್ಧವನ್ನು ಕೊಟ್ಟಿಗೆಯಲ್ಲಿ ರಾಗಿ ಹುಲ್ಲು, ನೇಪಿಯರ್, ಹಿಂಡಿಯ ರೂಪದಲ್ಲಿ ಕೊಡುತ್ತೇನೆ. ಉಳಿದ ಅರ್ಧ, ಅಂದರೆ 32 ಕಿಲೋ, ಹೊಲದಿಂದ ಬರಬೇಕು. ಅದಕ್ಕೆ ದಿನಕ್ಕೆ ಐದೂವರೆ ಗುಂಟೆ ಬೇಕು. ಮೂರು ದಿನಕ್ಕೆ ಹದಿನಾರೂವರೆ ಗುಂಟೆ, 11 ತಾಕಿಗೆ ನಾಲ್ಕೂವರೆ ಎಕರೆ. ನೆಲ ಸಾಕಷ್ಟಿತ್ತು, ಹಂಚಿಕೆ ಸರಿಯಿರಲಿಲ್ಲ. ಮೂವತ್ತು ಗುಂಟೆಯ ಆರು ತಾಕುಗಳನ್ನು ನಡುವೆ ಒಂದೊಂದು ಎಳೆ ತಂತಿಯಿಂದ ಸೀಳಿ ಹನ್ನೆರಡು ಮಾಡಿದೆ. ದನ ಒಂದೊಂದರಲ್ಲಿ ಮೂರು ದಿನಕ್ಕಿಂತ ತುಸು ಕಡಿಮೆ ಇದ್ದು, ಮರಳಿ ಬರುವ ಹೊತ್ತಿಗೆ ಹತ್ತಿರ ಹತ್ತಿರ ತಿಂಗಳು ಕಳೆದಿರುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ದಿನಗಳನ್ನೇ ನಂಬಿ ಕೂರಬಾರದು. ರೋಡ್ಸ್ ಅಥವಾ ಅಂಜನ ಹುಲ್ಲು ಗೇಣುದ್ದ ದಾಟಿದ ಮೇಲೆ ದನ ಒಳಗೆ, ನಾಲ್ಕು ಬೆರಳಿಗೆ ಇಳಿಯುವ ಮೊದಲು ಹೊರಗೆ. ಗಿನಿ ಹುಲ್ಲಿಗೆ ಎರಡಡಿಯಲ್ಲಿ ಬಿಟ್ಟು ಗೇಣುದ್ದ ಉಳಿದಾಗ ತೆಗೆಯುವುದು ಮೇಲು, ಏಕೆಂದರೆ ಅದು ಚಿಗುರುವುದು ಎತ್ತರದ ಬುಡದಿಂದ. ಗರಿಕೆ ನೆಲಕ್ಕೆ ಅಂಟಿಕೊಂಡೇ ಹಬ್ಬುವುದರಿಂದ ಎರಡು ಬೆರಳಿನವರೆಗೆ ತಾಳಿಕೊಳ್ಳುತ್ತದೆ. ಮುಂದಿನ ತಾಕು ಇನ್ನೂ ಗೇಣು ಮುಟ್ಟಿಲ್ಲ, ಈಗಿನ ತಾಕು ನಾಲ್ಕು ಬೆರಳಿಗೆ ಬಂದಿದೆ ಎಂದಾದರೆ ದನವನ್ನು ಕೊಟ್ಟಿಗೆಯಲ್ಲಿ ಕಟ್ಟಿ ಮೇವು ಹಾಕಬೇಕು. ಕಲಿಯುವವರು ಸೋಲುವುದು ಹೆಚ್ಚಾಗಿ ಈ ಘಟ್ಟದಲ್ಲಿ: ಹುಲ್ಲು ನಿಧಾನವಾದಾಗ ತಾಕುಗಳನ್ನು ಬೇಗ ಬೇಗ ಬದಲಿಸುತ್ತಾರೆ. ಬೇಗ ಬದಲಿಸಿದಷ್ಟೂ ವಿಶ್ರಾಂತಿ ಕುಗ್ಗುತ್ತದೆ, ವಿಶ್ರಾಂತಿ ಕುಗ್ಗಿದಷ್ಟೂ ಹುಲ್ಲು ನಿಧಾನವಾಗುತ್ತದೆ. ಹುಲ್ಲು ಓಡುವಾಗ ದನ ಓಡಬೇಕು, ಹುಲ್ಲು ನಿಂತಾಗ ದನ ನಿಲ್ಲಬೇಕು. ಸೆಪ್ಟೆಂಬರಿನ ಹುಬ್ಬೆ, ಉತ್ತರೆ ಮಳೆಯಲ್ಲಿ ಹುಲ್ಲು ಮೀರಿ ಬೆಳೆದು ತೆನೆ ಒಡೆಯತೊಡಗಿದರೆ, ಎರಡು ಮೂರು ತಾಕುಗಳನ್ನು ಸರದಿಯಿಂದ ಬಿಟ್ಟು ಕೊಯ್ದು ಒಣಗಿಸಿಕೊಳ್ಳಿ.

ಹಾಲಿನ ಚೀಟಿ, ಸಗಣಿ, ಎಡಗಡೆಯ ಗುಳಿ

ಹುಲ್ಲಿನ ದೋಷ ಒಂದು ಸುತ್ತು ತಡವಾಗಿ ಕಂಡರೆ, ಹೊಟ್ಟೆಯ ದೋಷ ಒಂದೆರಡು ದಿನದಲ್ಲೇ ಕಾಣುತ್ತದೆ. ಡೈರಿಯ ಚೀಟಿಗಳನ್ನು ಎಸೆಯದೆ ತಾಕಿನ ಹಾಳೆಯ ಪಕ್ಕದಲ್ಲಿ ಬರೆದಿಡಿ. ತಾಕು ಬದಲಿಸಿದ ಮರುದಿನ 27 ಲೀಟರ್, ಐದನೆಯ ದಿನ 23, ಮತ್ತೆ ಬದಲಿಸಿದಾಗ 27. ನನ್ನ ಪುಸ್ತಕದಲ್ಲಿ ಎರಡು ತಿಂಗಳು ಹೀಗೆ ಗರಗಸದ ಹಲ್ಲಿನಂತೆ ಏರಿಳಿತವಿತ್ತು. ಗರಗಸ ಕಂಡರೆ ದನವನ್ನು ಒಂದೇ ತಾಕಿನಲ್ಲಿ ಹೆಚ್ಚು ದಿನ ಇರಿಸುತ್ತಿದ್ದೀರಿ ಎಂದು ತಿಳಿಯಬೇಕು. ಮೊದಲ ದಿನ ಎಲೆ ತಿಂದ ಹಸು ಕೊನೆಯ ದಿನ ಕಡ್ಡಿ ತಿನ್ನುತ್ತಿರುತ್ತದೆ. ಏರಿಳಿತವಿಲ್ಲದೆ ಹಾಲು ಒಂದೇ ಸಮನೆ ಇಳಿಯುತ್ತಿದ್ದರೆ ಹುಲ್ಲು ಬಲಿತಿರಬಹುದು ಅಥವಾ ಹೊಟ್ಟೆಯಲ್ಲಿ ಹುಳು ಇರಬಹುದು. ಲೀಟರ್ ಇಳಿಯದೆ ಕೊಬ್ಬಿನಂಶ ಮಾತ್ರ ಇಳಿದು ಸಗಣಿ ನೀರಾಗಿ ಹಸಿರಾಗಿ ಚಿಮ್ಮುತ್ತಿದ್ದರೆ ಹುಲ್ಲು ತೀರ ಎಳೆಯದು, ನಾರು ಸಾಲುತ್ತಿಲ್ಲ. ಹೊಲಕ್ಕೆ ಬಿಡುವ ಮುನ್ನ ಪ್ರತಿ ಹಸುವಿಗೆ ಎರಡು ಮೂರು ಕಿಲೋ ರಾಗಿ ಹುಲ್ಲು ತಿನ್ನಿಸಿದರೆ ನಾಲ್ಕೈದು ದಿನದಲ್ಲಿ ಸರಿಹೋಗುತ್ತದೆ. ಸಗಣಿ ಬೆರಣಿ ತಟ್ಟುವಷ್ಟು ಗಟ್ಟಿಯಾಗಿ ಪದರ ಪದರವಾಗಿ ಬಿದ್ದರೆ ಹುಲ್ಲು ಬಲಿತು ಸಸಾರಜನಕ ಸಾಲದಾಗಿದೆ. ಗಂಜಿಯಂತೆ ಬಿದ್ದು, ನಡುವೆ ಚಿಕ್ಕ ಗುಳಿಯಾಗಿ ಹರಡಿದರೆ ಎಲ್ಲವೂ ಸರಿಯಿದೆ.

ಸಂಜೆ ದನ ಹಿಂದಿರುಗುವಾಗ ಹಿಂದಿನಿಂದ ನಿಂತು ಎಡಗಡೆಯ ಪಕ್ಕೆಯನ್ನು ನೋಡುವುದನ್ನು ಮಾತ್ರ ಒಂದು ದಿನವೂ ತಪ್ಪಿಸಬೇಡಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವಿನ ಗುಳಿ ತುಂಬಿ ಸಮವಾಗಿದ್ದರೆ ಹೊಟ್ಟೆ ತುಂಬಿದೆ. ಅಂಗೈ ಹಿಡಿಸುವಷ್ಟು ಆಳವಿದ್ದರೆ ಹಸು ಹಸಿದೇ ಬಂದಿದೆ, ಹುಲ್ಲು ಇದ್ದಂತೆ ನಮಗೆ ಕಂಡರೂ ಅದಕ್ಕೆ ತಿನ್ನುವಂಥದ್ದು ಸಿಕ್ಕಿಲ್ಲ. ಅದೇ ಗುಳಿ ತಮಟೆಯಂತೆ ಬಿಗಿದು ಉಬ್ಬಿದ್ದರೆ ಹೊಟ್ಟೆಯುಬ್ಬರ, ತಕ್ಷಣ ಪಶುವೈದ್ಯರನ್ನು ಕರೆಸಬೇಕು. ಕುದುರೆಮಸಾಲೆಯಂತಹ ದ್ವಿದಳ ಮೇವನ್ನು ಇಬ್ಬನಿ ಆರುವ ಮೊದಲು ಹಸಿದ ದನಕ್ಕೆ ಬಿಟ್ಟಾಗ ಇದು ಬರುತ್ತದೆ. ಅದಕ್ಕಿಂತ ಘೋರವಾದದ್ದು ಜೋಳದ ಕೂಳೆ. ಮಳೆ ನಿಂತು ಬಾಡಿದ ಜೋಳದ ಬುಡದಿಂದ ಮೊಣಕಾಲೆತ್ತರಕ್ಕೂ ಬಾರದ ಚಿಗುರು ಎದ್ದಾಗ ಅದರಲ್ಲಿ ಸಯನೈಡ್ ವಿಷ ಉಂಟಾಗಿರುತ್ತದೆ. ತಿಂದ ದನ ಏದುಸಿರು ಬಿಟ್ಟು ಗಳಿಗೆಗಳಲ್ಲಿ ಸಾಯಬಹುದು. ಸರದಿಯಲ್ಲಿ ಜೋಳದ ಹೊಲವೊಂದು ಸೇರಿದ್ದರೆ ಅದರ ಸರದಿ ಬಂತೆಂಬ ಒಂದೇ ಕಾರಣಕ್ಕೆ ದನವನ್ನು ಎಂದಿಗೂ ಬಿಡಬೇಡಿ.

ಕಳೆ ಮತ್ತು ಸಗಣಿಯ ಹಂಚಿಕೆ

ಒಂದೇ ತಾಕಿನಲ್ಲಿ ಕೆಲವು ಕಡೆ ಹುಲ್ಲು ನುಣ್ಣಗೆ ಬೋಳಾಗಿ, ಕೆಲವು ಕಡೆ ಬಾದೆ ಹುಲ್ಲು ಪೊದೆಯಾಗಿ ನಿಂತಿದ್ದರೆ ತಾಕು ದನಗಳ ಸಂಖ್ಯೆಗೆ ದೊಡ್ಡದಾಯಿತು, ಅವು ಆರಿಸಿ ತಿನ್ನುತ್ತಿವೆ. ತಾಕು ಕಿರಿದಾದಾಗ ದನ ಪೈಪೋಟಿಯಿಂದ ಎಲ್ಲವನ್ನೂ ತಿನ್ನುತ್ತದೆ. ಆದರೆ ಕಾಂಗ್ರೆಸ್ ಗಿಡ, ಲಂಟಾನ, ಕಮ್ಯುನಿಸ್ಟ್ ಗಿಡಗಳನ್ನು ದನದ ಬಾಯಿಂದ ನಿವಾರಿಸಲು ಹೊರಡುವುದು ತಪ್ಪು. ಲಂಟಾನ ದನದ ಪಿತ್ತಜನಕಾಂಗವನ್ನು ಕೆಡಿಸುತ್ತದೆ, ಕಾಂಗ್ರೆಸ್ ಗಿಡ ತಿಂದ ಹಸುವಿನ ಹಾಲು ಕಹಿಯಾಗುತ್ತದೆ. ಇವನ್ನು ಹೂ ಬರುವ ಮೊದಲು ಮಳೆ ಬಿದ್ದು ನೆಲ ಮೆತ್ತಗಿರುವಾಗ ಕೈಯಿಂದಲೇ, ಗವಸು ತೊಟ್ಟು, ಬೇರುಸಹಿತ ಕೀಳಬೇಕು. ಅವು ಬಂದ ಜಾಗದ ಹಾಳೆಯನ್ನು ತಿರುವಿ ನೋಡಿದರೆ, ಹಿಂದಿನ ಎರಡು ಸುತ್ತಿನಲ್ಲಿ ಅಲ್ಲಿ ನೆಲ ಕಾಣುವಷ್ಟು ಮೇಯಿಸಿರುವುದು ತಿಳಿಯುತ್ತದೆ.

ಗೇಟಿನ ಹತ್ತಿರ ಮಾತ್ರ ಹುಲ್ಲು ಸತ್ತು, ದೂರದ ಮೂಲೆ ಬಡವಾಗುತ್ತಿದ್ದರೆ ನೀರಿನ ದೂರವನ್ನು ಪರೀಕ್ಷಿಸಿ. ಬೇಸಿಗೆಯಲ್ಲಿ ಹಾಲು ಕೊಡುವ ಹಸುವಿಗೆ ದಿನಕ್ಕೆ 50 ಲೀಟರ್ ಮೀರಿ ನೀರು ಬೇಕು. ತೊಟ್ಟಿ ದೂರವಿದ್ದರೆ ಹಿಂಡು ಒಟ್ಟಾಗಿ ಹೋಗಿ, ನೀರು ಕುಡಿದು, ಅಲ್ಲೇ ಮಲಗಿ ಮೆಲುಕು ಹಾಕುತ್ತದೆ. ಮೂಲೆಯಲ್ಲಿ ತಿಂದ ಸತ್ವವೆಲ್ಲ ಸಗಣಿ ಗಂಜಲವಾಗಿ ತೊಟ್ಟಿಯ ಸುತ್ತ ಬೀಳುತ್ತದೆ. ತಾಕನ್ನು ನಾಲ್ಕು ಭಾಗ ಮಾಡಿ ಸಗಣಿಯ ಗುಡ್ಡೆಗಳನ್ನು ಎಣಿಸಿದರೆ ಐದು ನಿಮಿಷದಲ್ಲಿ ಇದು ಗೊತ್ತಾಗುತ್ತದೆ. ಇನ್ನೂರು ಲೀಟರಿನ ಡ್ರಮ್ಮನ್ನು ಉದ್ದಕ್ಕೆ ಸೀಳಿ ಎರಡು ತೊಟ್ಟಿ ಮಾಡಿ, ದನದ ಜೊತೆಗೆ ಸರಿಸುತ್ತಾ ಹೋದೆ. ಎರಡು ಸುತ್ತಿನೊಳಗೆ ಗುಡ್ಡೆಗಳು ಹರಡಿದವು.

ಮಲೆನಾಡಿನ ಕಡೆಯವರಿಗೆ

ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯಲ್ಲಿ ದೋಷದ ಸ್ವರೂಪ ಬೇರೆ. ಅಲ್ಲಿ ಆಷಾಢದಲ್ಲಿ ಹುಲ್ಲು ಉದ್ದವಾಗಿ ಕಂಡರೂ ಅದರಲ್ಲಿ ನೀರೇ ಹೆಚ್ಚು. ಹೊಟ್ಟೆ ತುಂಬಿದ ಹಸು ಸೊರಗುತ್ತದೆ, ಒಣಮೇವು ಕೊಡಲೇಬೇಕು. ಅದಕ್ಕಿಂತ ಮುಖ್ಯವಾಗಿ ಗೊರಸಿನ ತುಳಿತ. ಹಿಮ್ಮಡಿಯನ್ನು ಒತ್ತಿ ನೆಲಕ್ಕಿಟ್ಟು ತೆಗೆದಾಗ ಆ ಗುಳಿಯಲ್ಲಿ ನೀರು ತುಂಬಿಕೊಂಡರೆ ಅಂದು ಆ ತಾಕಿಗೆ ದನ ಬಿಡಬಾರದು. ಒಂದು ದಿನ ಕೆಸರಿನಲ್ಲಿ ತುಳಿದ ನೆಲ ಗಟ್ಟಿಯಾಗಿ, ಬೇಸಿಗೆಯವರೆಗೂ ಬೇರಿಗೆ ಗಾಳಿ ಸಿಗದಂತೆ ಮಾಡುತ್ತದೆ. ಎತ್ತರದಲ್ಲಿ, ನೀರು ಬಸಿಯುವ ಒಂದು ಚಿಕ್ಕ ತಾಕನ್ನು ಜಡಿಮಳೆಯ ದಿನಗಳಿಗೆಂದು ತ್ಯಾಗ ಮಾಡಿ ಇಟ್ಟುಕೊಂಡರೆ ಉಳಿದ ಹತ್ತು ಉಳಿಯುತ್ತವೆ. ಸಣ್ಣ ಗಾತ್ರದ ಮಲೆನಾಡು ಗಿಡ್ಡ ತಳಿ ಇಂಥ ನೆಲವನ್ನು ಹಾಳು ಮಾಡುವುದು ಕಡಿಮೆ.

ದನ ಬೇಲಿಗೆ ಹೆದರದಿದ್ದಾಗ

ಎಳೆ ತಂತಿಯ ಸೌರ ಬೇಲಿ ಕೆಲಸ ಮಾಡದಿದ್ದರೆ ಮೇಲಿನ ಲೆಕ್ಕವೆಲ್ಲ ನೀರುಪಾಲು. ಮೊದಲು ಬೇಲಿಯನ್ನು ಅದಕ್ಕೆ ವಿದ್ಯುತ್ತಿನ ಹೊಡೆತ ಕೊಡುವ ಯಂತ್ರದಿಂದ ಕಳಚಿ, ವೋಲ್ಟೇಜ್ ಮಾಪಕವನ್ನು ಯಂತ್ರಕ್ಕೇ ಹಿಡಿಯಿರಿ. ಅಲ್ಲೇ ಕಡಿಮೆ ಬಂದರೆ ದೋಷ ಯಂತ್ರದ್ದು ಅಥವಾ ಬ್ಯಾಟರಿಯದು. ಪೂರ್ತಿ ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟ್ ಆಸುಪಾಸು ತೋರಿಸಬೇಕು, 12ಕ್ಕಿಂತ ಕೆಳಗಿದ್ದರೆ ಫಲಕದ ಮೇಲಿನ ಧೂಳು ಒರೆಸಿ, ನೆರಳು ಬೀಳುತ್ತಿದೆಯೇ ನೋಡಿ. ಯಂತ್ರ ಸರಿಯಿದ್ದು, ಬೇಲಿ ಜೋಡಿಸಿದಾಗ ಕೊನೆಯ ತುದಿಯಲ್ಲಿ 3,000 ವೋಲ್ಟಿಗಿಂತ ಕಡಿಮೆ ಬಂದರೆ ಬೇಲಿಯನ್ನು ನಡುವಿಗೆ ತುಂಡರಿಸಿ ಅರ್ಧರ್ಧ ಪರೀಕ್ಷಿಸುತ್ತಾ ಹೋಗಬೇಕು. ಮಳೆಗಾಲದಲ್ಲಿ ಹೆಚ್ಚಿನ ಸಲ ಸಿಗುವುದು ತಂತಿಗೆ ತಾಗಿದ ಒದ್ದೆ ಹುಲ್ಲು ಅಥವಾ ಬಿರುಕು ಬಿಟ್ಟ ಇನ್ಸುಲೇಟರ್. ಪ್ಲಾಸ್ಟಿಕ್ ಎಳೆಯ ತಂತಿಯಾದರೆ ಗಂಟು ಹಾಕಿದ ಕಡೆಯಲ್ಲೆಲ್ಲ ಒಳಗಿನ ಸಣ್ಣ ಲೋಹದ ಎಳೆಗಳು ತುಂಡಾಗಿರುತ್ತವೆ.

ಶಿವರಾತ್ರಿ ಕಳೆದ ಮೇಲೆ ದೋಷ ಬೇರೆಡೆ ಇರುತ್ತದೆ. ತಂತಿಯಲ್ಲಿ ವೋಲ್ಟೇಜ್ ಚೆನ್ನಾಗಿ ತೋರಿಸಿದರೂ ಹಸು ಅದನ್ನು ಮೂತಿಯಿಂದ ತಳ್ಳಿಕೊಂಡು ಹೋಗುತ್ತದೆ. ಒಣಗಿದ ಕೆಂಪು ಮಣ್ಣಿನಲ್ಲಿ ವಿದ್ಯುತ್ತು ದನದ ಕಾಲಿನಿಂದ ನೆಲದ ಮೂಲಕ ಯಂತ್ರಕ್ಕೆ ಮರಳಲು ದಾರಿಯಿರುವುದಿಲ್ಲ. ಯಂತ್ರವನ್ನು ನೆಲಕ್ಕೆ ಜೋಡಿಸುವ ಸರಳುಗಳ, ಅಂದರೆ ಅರ್ಥಿಂಗ್‌ನ ಪರೀಕ್ಷೆಗೆ, ಯಂತ್ರದಿಂದ ಕನಿಷ್ಠ ನೂರು ಮೀಟರ್ ದೂರದಲ್ಲಿ, ಯಂತ್ರ ನಿಲ್ಲಿಸಿ ಕಬ್ಬಿಣದ ಸರಳುಗಳನ್ನು ನೆಲಕ್ಕೆ ಊರಿ ಬೇಲಿಗೆ ಒರಗಿಸಿ. ಮತ್ತೆ ಚಾಲೂ ಮಾಡಿದಾಗ ಬೇಲಿಯ ವೋಲ್ಟೇಜ್ 2,000ಕ್ಕಿಂತ ಕೆಳಗಿಳಿಯಬೇಕು. ಆಗ ಮಾಪಕವನ್ನು ಕೊನೆಯ ಅರ್ಥ್ ಸರಳಿಗೆ ಹಿಡಿದು, ಅದರ ಇನ್ನೊಂದು ತುದಿಯನ್ನು ಒಂದು ಮೀಟರ್ ಆಚೆ ನೆಲಕ್ಕೆ ಚುಚ್ಚಿ. 300 ವೋಲ್ಟ್ ದಾಟಿದರೆ ಅರ್ಥಿಂಗ್ ಸಾಲದು. ಆರಡಿ ಉದ್ದದ ಮೂರು ಸರಳುಗಳನ್ನು ಮೂರು ಮೂರು ಮೀಟರ್ ಅಂತರದಲ್ಲಿ, ಸಾಧ್ಯವಾದರೆ ಬಚ್ಚಲು ನೀರು ಹರಿಯುವ ತೇವದ ಜಾಗದಲ್ಲಿ, ಮನೆಯ ಅರ್ಥಿಂಗ್‌ನಿಂದ ದೂರದಲ್ಲಿ ಹೂಳಬೇಕು. ಮನೆಯ ಕರೆಂಟನ್ನು ನೇರವಾಗಿ ಬೇಲಿಗೆ ಕೊಡುವುದು ಅಪರಾಧ, ದನವನ್ನೂ ಮನುಷ್ಯರನ್ನೂ ಕೊಲ್ಲುತ್ತದೆ. ಆಲೂರು, ಸಕಲೇಶಪುರದಂತಹ ಆನೆ ಓಡಾಡುವ ಸೀಮೆಯಲ್ಲಿ ಈ ಮಾತನ್ನು ಎಷ್ಟು ಸಲ ಹೇಳಿದರೂ ಹೆಚ್ಚಾಗದು.

ಉಣ್ಣೆ ಮತ್ತು ಹುಳು

ಸರದಿ ಮೇವಿನಿಂದ ದನದ ಮೈಗೆ ಕಚ್ಚಿ ರಕ್ತ ಹೀರುವ ಉಣ್ಣೆ ಪೂರ್ತಿ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಉಣ್ಣೆಯ ಮರಿಗಳು ಆಹಾರವಿಲ್ಲದೆ ಹುಲ್ಲಿನ ತುದಿಯಲ್ಲಿ ತಿಂಗಳುಗಟ್ಟಲೆ ಕಾಯಬಲ್ಲವು, ಮೂವತ್ತು ದಿನದ ವಿಶ್ರಾಂತಿ ಅವಕ್ಕೆ ಲೆಕ್ಕಕ್ಕಿಲ್ಲ. ಉಣ್ಣೆ ರೋಗವನ್ನೂ ಹರಡುತ್ತದೆ, ಹಸುವಿನ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿ ಜ್ವರ ಬಂದರೆ ತಾಕಿನ ವಿಚಾರ ಬದಿಗಿಟ್ಟು ವೈದ್ಯರನ್ನು ಕರೆಯಿರಿ. ಜಂತುಹುಳುವಿನ ಮರಿಗಳ ವಿಷಯದಲ್ಲಿ ಸರದಿ ಸ್ವಲ್ಪ ನೆರವಾಗುತ್ತದೆ, ಏಕೆಂದರೆ ಅವು ಹೆಚ್ಚಾಗಿ ಹುಲ್ಲಿನ ಬುಡದಲ್ಲಿರುತ್ತವೆ. ನಾಲ್ಕು ಬೆರಳು ಉಳಿಸಿದರೆ ದನದ ಬಾಯಿಗೆ ಸಿಗುವುದು ಕಡಿಮೆ. ಕರುಗಳನ್ನು ಮೊದಲು ಬಿಟ್ಟು, ಅವುಗಳ ಹಿಂದೆ ದೊಡ್ಡ ದನ ಬಿಡುವ ಕ್ರಮ ಕರುಗಳಿಗೆ ಬಹಳ ಒಳ್ಳೆಯದು.

ಬೇಸಿಗೆಯಲ್ಲಿ ಸರದಿ ನಿಲ್ಲಿಸುವುದು

ಬೇಸಿಗೆಯಲ್ಲಿ ಹುಲ್ಲು ಬಾರದಿರುವುದು ದೋಷವಲ್ಲ. ಆಗಲೂ ಸರದಿಯನ್ನು ಎಳೆದುಕೊಂಡು ಹೋಗುವುದು ದೋಷ. ನಮ್ಮ ಹಿಂದಿನವರು ಇದನ್ನು ಅರಿತಿದ್ದರು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಮನೆಯ ದನಗಳ ಇಲಾಖೆ, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಆಯಿತು. ಇಂದಿಗೂ ಅಜ್ಜಂಪುರದಲ್ಲಿ ಆ ಹೆಸರಿನ ತಳಿಯ ಸಂವರ್ಧನಾ ಕೇಂದ್ರವಿದೆ. ಹಾಸನ, ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರಿನ ಉದ್ದಗಲಕ್ಕೂ ಹರಡಿದ್ದ ಅದರ ಕಾವಲುಗಳನ್ನು, ಅಂದರೆ ಮೀಸಲು ಹುಲ್ಲುಗಾವಲುಗಳನ್ನು, ಮಳೆಗಾಲದ್ದು, ಚಳಿಗಾಲದ್ದು, ಬೇಸಿಗೆಯದು ಎಂದು ವಿಂಗಡಿಸಿ, ಹಿಂಡುಗಳನ್ನು ಋತುವಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಹೊಡೆಯುತ್ತಿದ್ದರು. ನೀರೂ ನೆರಳೂ ಇರುವ ಕಾವಲು ಬೇಸಿಗೆಗೆ ಮೀಸಲು. ನಾಲ್ಕೂವರೆ ಎಕರೆಯವನಿಗೆ ಬೇಸಿಗೆ ಕಾವಲು ಎಲ್ಲಿಂದ ಬರಬೇಕು? ನನ್ನ ಬೇಸಿಗೆ ಕಾವಲು ರಾಗಿ ಹುಲ್ಲಿನ ಬಣವೆ, ಉತ್ತರೆಯಲ್ಲಿ ಕೊಯ್ದು ಒಣಗಿಸಿದ ರೋಡ್ಸ್, ಮತ್ತು ಕೊಟ್ಟಿಗೆಯ ಹಿಂದಿನ ಹತ್ತು ಗುಂಟೆಯ ಬಯಲು. ಸಂಕ್ರಾಂತಿ ಕಳೆದು ಹುಲ್ಲು ನಾಲ್ಕು ಬೆರಳಿಗೆ ನಿಂತ ಮೇಲೆ ದನ ಆ ಬಯಲಿನಲ್ಲೇ ಇರುತ್ತದೆ, ಹನ್ನೆರಡು ತಾಕಿಗೂ ಗೇಟು ಹಾಕಿರುತ್ತದೆ.

ಅತ್ಯಂತ ಕಷ್ಟದ ಹದಿನೈದು ದಿನ ಬರುವುದು ಆಮೇಲೆ. ಮೇ ತಿಂಗಳ ಭರಣಿ, ಕೃತ್ತಿಕೆಯ ಮಳೆ ಎರಡು ಹದವಾಗಿ ಬಿದ್ದರೆ ನಾಲ್ಕೇ ದಿನದಲ್ಲಿ ಹೊಲ ಹಸಿರಾಗುತ್ತದೆ, ಬಣವೆ ಕರಗಿರುತ್ತದೆ, ಹಸುಗಳು ಗೇಟಿನ ಹತ್ತಿರ ನಿಂತು ಕೂಗುತ್ತವೆ. ಆ ಹಸಿರೆಲ್ಲ ಬೇರಿನಲ್ಲಿ ಉಳಿದ ಕೊನೆಯ ಸತ್ವದಿಂದ ಬಂದದ್ದು. ಆಗ ಬಿಟ್ಟರೆ ಮೊದಲ ಕಚ್ಚೇ ಎರಡನೆಯ ಕಚ್ಚಿಗೆ ಸಮ. ಹೋದ ವರ್ಷ ಆ ಹದಿನೈದು ದಿನಕ್ಕೆ ಪಕ್ಕದ ಊರಿನಿಂದ ಒಂದು ಗಾಡಿ ರಾಗಿ ಹುಲ್ಲು ಕೊಂಡು ತಂದು ಹಾಕಿದೆ. ದಿನಾ ಬೆಳಿಗ್ಗೆ ಒಂದನೆಯ ತಾಕಿಗೆ ಹೋಗಿ ಗೇಣಿಟ್ಟು ನೋಡುತ್ತಿದ್ದೆ. ರೋಹಿಣಿ ಮಳೆ ಹುಟ್ಟಿದ ಆರನೆಯ ದಿನ ಹುಲ್ಲಿನ ತುದಿ ಕಿರುಬೆರಳನ್ನು ದಾಟಿತು, ಅಂದು ಹಾಲು ಕರೆದ ಮೇಲೆ ಗೇಟು ತೆಗೆದೆ.